ಕ್ಲೆಮೆಂಟಿಗೆ ಬಾರದ ಆಸ್ಥಾನ ವಿದ್ವಾನ್

ಮೊನ್ನೆ ಸ್ನೇಹಿತರ ಮನೆಯಲ್ಲಿ ಹಾಲಿಲ್ಲದ ಪುದೀನ ಚಹಾ ಕೊಟ್ಟರು. ಲೋಟ ಮೂಗಿನ ಹತ್ತಿರ ಬಂದದ್ದೇ ತಡ, ತೊಂಬತ್ತರ ದಶಕದಲ್ಲಿ ಸಿಂಗಪುರದ ಕ್ಲೆಮೆಂಟಿ ಬಡಾವಣೆಯ ಫ್ಲ್ಯಾಟಿನಲ್ಲಿ ನನಗೆ ರೂಮು ಬಾಡಿಗೆ ಕೊಟ್ಟಿದ್ದ ಅಂಕಲ್ ಕಣ್ಮುಂದೆ ಬಂದರು. ಪ್ರತಿ ಭಾನುವಾರ ಅವರು ಇಂಥದೇ ಚಹಾ ಕಾಯಿಸುತ್ತಿದ್ದರು. ಚಟ್ನಿಗೆ ತಂದ ಪುದೀನ ಖಾಲಿಯಾಯಿತೆಂದು ಆಂಟಿ ಗೊಣಗಿದರೆ, ತಮ್ಮ ಪಂಡಿತರ ದೇಶದಲ್ಲಿ ಹೀಗೆಯೇ ಕುಡಿಯುವುದು ಎನ್ನುತ್ತಿದ್ದರು. ಪಂಡಿತರ ಕಾಲಕ್ಕೆ ಆ ದೇಶದಲ್ಲಿ ಚಹಾವೇ ಇರಲಿಲ್ಲವೆಂದು ಆಮೇಲೆ ಎಲ್ಲೋ ಓದಿ ಎರಡು ದಿನ ಮಂಕಾಗಿದ್ದರು. ಚಹಾ ಮಾತ್ರ ಬಿಡಲಿಲ್ಲ.

ಪಂಡಿತರೆಂದರೆ ನಾನ್ನೂರು ವರ್ಷಗಳ ಹಿಂದೆ ಮೊರಾಕೊ ಸುಲ್ತಾನನ ಆಸ್ಥಾನದಲ್ಲಿದ್ದ ಒಬ್ಬ ವಿದ್ವಾಂಸರು. ಗುಡ್ಡಗಾಡಿನ ಬರ್ಬರ್ ಜನರಲ್ಲಿ ಹುಟ್ಟಿ, ಅರಬ್ಬಿ ಕಲಿತು, ಅರಸನ ಪತ್ರಗಳನ್ನೂ ಚರಿತ್ರೆಯನ್ನೂ ಬರೆದವರು. ಅವರ ಪದ್ಯಗಳನ್ನು ಅರಮನೆಯ ಗೋಡೆಗಳಲ್ಲಿ ಕೆತ್ತಿಸಿದ್ದರಂತೆ. ಮುಂದೆ ಬಂದ ಅರಸನೊಬ್ಬ ಆ ಅರಮನೆಯನ್ನೇ ಕೆಡವಿಸಿದ. ಉಡುಪಿ ಕಡೆಯವರಾದ, ತಂಜಾಂಗ್ ಪಗಾರ್ ಬಂದರಿನಲ್ಲಿ ಹಡಗಿನ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಅಂಕಲ್‌ಗೆ ಇವರು ಹೇಗೆ ಗಂಟುಬಿದ್ದರೋ... ಮಳೆ ಬಂತೆಂದು ಹಳೇ ಪುಸ್ತಕದಂಗಡಿಗೆ ನುಗ್ಗಿದ್ದು ಕಾರಣವೆಂದು ನೆನಪು. ಹನ್ನೊಂದು ವರ್ಷದಿಂದ ಕನ್ನಡದಲ್ಲಿ ಅವರ ಜೀವನಚರಿತ್ರೆ ಬರೆಯುತ್ತಿದ್ದರು. ಕೇಳುವವರೇ ಇರಲಿಲ್ಲ. ಬಾಡಿಗೆದಾರನಾದ ನಾನು ತಪ್ಪಿಸಿಕೊಳ್ಳುವಂತಿರಲಿಲ್ಲ.

ಕೊನೆಗೆ ಕನ್ನಡಿಗರ ಬಳಗದ ವಾರ್ಷಿಕೋತ್ಸವದಲ್ಲಿ ಅಂಕಲ್‌ಗೆ ಹತ್ತು ನಿಮಿಷ ಸಿಕ್ಕಿತು. ಮಾತು ಮುಗಿದ ಮೇಲೆ ಒಬ್ಬರಾದರೂ ಎದ್ದು ಒಂದು ಪ್ರಶ್ನೆ ಕೇಳಿಬಿಟ್ಟರೆ ಹನ್ನೊಂದು ವರ್ಷವೂ ಸಾರ್ಥಕ ಎನ್ನುತ್ತಿದ್ದರು. ಯಾರೂ ಕೇಳದಿದ್ದರೆ ಇರಲಿ ಎಂದು ತಾವೇ ಒಂದು ಪ್ರಶ್ನೆ ಬರೆದು ನನ್ನ ಜೇಬಿಗೆ ತುರುಕಿದ್ದರು.

ಎಡವಟ್ಟಾದದ್ದು ಬಳಗದ ಕಾರ್ಯದರ್ಶಿಯಿಂದ. ಆತ ಮೈಸೂರಿನವ. ಮೈಸೂರಿನವರಿಗೆ ಆಸ್ಥಾನ ವಿದ್ವಾನ್ ಎಂದರೆ ಪಕ್ಕದ ಬೀದಿಯಲ್ಲಿ ಪಾಠ ಹೇಳುವ, ಕರೆದರೆ ಬರುವ ಮನುಷ್ಯ. ಮೊರಾಕೊದ ಆಸ್ಥಾನ ವಿದ್ವಾಂಸರ ಕಾರ್ಯಕ್ರಮ ಎಂದು ಅಂಕಲ್ ಫೋನಿನಲ್ಲಿ ಹೇಳಿದ್ದೇ ಸಾಕಾಯಿತು. ಆತ ಊರಿಂದ ಶಾಲು, ಜರಿ ಪೇಟ, ಗಂಧದ ಹಾರ ತರಿಸಿದ. ಕಾರ್ಯಕ್ರಮದ ದಿನ ಸಭಾಂಗಣದ ಬಾಗಿಲಲ್ಲೇ ಹಾರ ಹಿಡಿದು ನಿಂತು, ವಿದ್ವಾಂಸರು ಎಲ್ಲಿವರೆಗೆ ಬಂದರು ಎಂದು ಅಂಕಲ್‌ರನ್ನು ಕೇಳಿದ.

"ಅವರು ಹೋಗಿ ನಾನ್ನೂರು ವರ್ಷ ಆಯ್ತಲ್ಲ," ಎಂದರು ಅಂಕಲ್.

ಕಾರ್ಯದರ್ಶಿ ವಾಚ್ ನೋಡಿಕೊಂಡ. "ಹಾಗಾದ್ರೆ ಈ ಐಟಂ ಕ್ಯಾನ್ಸಲ್ ಮಾಡೋಣ ಅಂಕಲ್. ಬಿಸಿಬೇಳೆ ಬಾತ್ ಬೇರೆ ರೆಡಿ ಇದೆ."

ಅಂಕಲ್ ಮುಖ ನೋಡಲಾಗಲಿಲ್ಲ. ತೀರಿಕೊಂಡವರ ಫೋಟೋಗೆ ನಾವು ಹಾರ ಹಾಕುವುದಿಲ್ಲವೇ ಎಂದು ನಾನು ವಾದಕ್ಕಿಳಿದೆ. ಫೋಟೋ ಎಲ್ಲಿ ಎಂದ. ಅದಿರಲಿಲ್ಲ. ಊರಿಂದ ತರಿಸಿದ್ದು ದಂಡವಾಗಬಾರದೆಂದು ಕೊನೆಗೆ ಒಪ್ಪಿಕೊಂಡ. ವೇದಿಕೆಯ ಮೇಲೆ ಖಾಲಿ ಕುರ್ಚಿ ಇಟ್ಟು ಬೆನ್ನಿಗೆ ಶಾಲು ಹೊದಿಸಿ, ಸೀಟಿನ ಮೇಲೆ ಪೇಟ ಕೂರಿಸಿ, ಹಾರವನ್ನೂ ಹಾಕಿದರು. ಅಧ್ಯಕ್ಷರು ಅದಕ್ಕೆ ಬಗ್ಗಿ ನಮಸ್ಕಾರವನ್ನೂ ಮಾಡಿದರು. ಸಭೆ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿತು.

ಅಂಕಲ್ ಹತ್ತು ನಿಮಿಷವನ್ನು ಇಪ್ಪತ್ತೈದು ಮಾಡಿದರು. ಒಗ್ಗರಣೆಯ ವಾಸನೆಗೆ ಅರ್ಧ ಸಭೆ ಬಾಗಿಲಿನತ್ತ ತಿರುಗಿತ್ತು. ಪ್ರಶ್ನೆಗಳಿದ್ದರೆ ಕೇಳಿ ಎಂದು ಅವರು ನನ್ನನ್ನೇ ನೋಡಿದರು. ನಾನು ಜೇಬಿನ ಚೀಟಿ ಬಿಡಿಸುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಆಂಟಿ ಎದ್ದು ನಿಂತರು.

"ಅವರ ಹೆಂಡತಿ ಇಡೀ ದಿನ ಎಂತ ಮಾಡ್ತಿದ್ರು?"

ಸಭೆ ಗೊಳ್ಳೆಂದು ನಕ್ಕಿತು. ಅಂಕಲ್ ನಗಲಿಲ್ಲ. ಹಾಳೆಗಳನ್ನು ಹಿಂದೆ ಮುಂದೆ ತಿರುವಿದರು. "ಗೊತ್ತಿಲ್ಲ... ಎಲ್ಲೂ ಬರೆದಿಲ್ಲ," ಎಂದರು. ಎಂಆರ್‌ಟಿ ರೈಲಿನಲ್ಲಿ ಮನೆಗೆ ಬರುವಾಗ, ಎಂಥ ಪ್ರಶ್ನೆ ಕೇಳಿದಳು ನೋಡು ಎಂದು ನನಗೆ ಮೂರು ಸಲ ಹೇಳಿದರು. ಅಷ್ಟು ಖುಷಿಯಾಗಿದ್ದ ಅಂಕಲ್‌ರನ್ನು ನಾನು ಮತ್ತೆ ನೋಡಲಿಲ್ಲ.

ಅವರು ತೀರಿಕೊಂಡು ಬಹಳ ವರ್ಷಗಳಾದವು. ಪುಸ್ತಕ ಅಚ್ಚಾಗಲಿಲ್ಲ. ಹೋದ ವರ್ಷ ಆಂಟಿಯೂ ಹೋದರು. ಬಂಧುಗಳು ಫೋನ್ ಮಾಡಿ, ನೀವು ಎರಡು ವರ್ಷ ಜೊತೆಗಿದ್ದವರು, ಆಂಟಿಯ ಬಗ್ಗೆ ನಾಲ್ಕು ಸಾಲು ಬರೆದುಕೊಡಿ ಎಂದರು. ಪಂಡಿತರ ಬಗ್ಗೆಯಾದರೆ ಈಗಲೂ ಅರ್ಧ ಗಂಟೆ ಮಾತಾಡಬಲ್ಲೆ. ಅಂಕಲ್ ಮತ್ತು ನಾನು ಆಫೀಸಿಗೆ ಹೊರಟ ಮೇಲೆ ಆಂಟಿ ಏನು ಮಾಡುತ್ತಿದ್ದರು, ಏನು ಓದಿದ್ದರು, ಯಾರ ನೆನಪಾಗುತ್ತಿತ್ತು... ನಾನು ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯಾಯಿತು. ಅಡುಗೆ ಚೆನ್ನಾಗಿ ಮಾಡುತ್ತಿದ್ದರು ಎಂದು ಒಂದು ಸಾಲು ಬರೆದೆ. ಉಳಿದ ಮೂರು ಸಾಲು ಹೊಳೆಯಲೇ ಇಲ್ಲ.