ಗೌರವ್ವ ಹತ್ತಿ ಬಂದ ಗಾಡಿ

ಹೋದ ವಾರ ಕೊಡೆ ರಿಪೇರಿಯವನು ನಮ್ಮ ಕಟ್ಟೆಯ ಮೇಲೆ ಕೂತು ನನ್ನ ಹಳೆಯ ಕೊಡೆಯ ಮುರಿದ ಕಡ್ಡಿಗಳನ್ನು ಕಿತ್ತು ನೆಲಕ್ಕಿಟ್ಟ. ಅವುಗಳಲ್ಲಿ ಎರಡು ಒಂದಕ್ಕೊಂದು ತಾಗದೆ, ಉದ್ದಕ್ಕೆ, ಜೋಡಿಯಾಗಿ ಬಿದ್ದವು. ತುಕ್ಕು ಮತ್ತು ಎಣ್ಣೆ ಕೂಡಿದ ವಾಸನೆ ಮೂಗಿಗೆ ಬಡಿಯಿತು. ನಾನು ಚಹಾದ ಬಟ್ಟಲನ್ನು ಕುಡಿಯದೆ ಕೆಳಗಿಟ್ಟೆ.

“ಯಾಕ್ರಿ ಅಜ್ಜಾರ, ಮೈಯಾಗ ಹುಷಾರ ಇಲ್ಲೇನು?” ಅಂದ.

“ಆ ಎರಡು ಕಡ್ಡಿ ಬ್ಯಾರೆ ಬ್ಯಾರೆ ಇಡಪಾ” ಅಂದೆ. ಅವನು ನಕ್ಕು, ಇಟ್ಟ.

ನಾನು ಎಲ್ಲಿ ನಿಂತಿದ್ದೆ, ಯಾವಾಗ ನಿಂತಿದ್ದೆ ಅನ್ನುವುದನ್ನು ಮೊದಲು ಹೇಳಿಬಿಡಬೇಕು. ಚಲೇಜಾವ್ ಚಳವಳಿಯ ವರ್ಷ, ಭಾದ್ರಪದ ಮಾಸ, ಗೌರಿಗೆ ಎಡೆ ತೋರಿಸುವ ದಿನದ ಮಧ್ಯಾಹ್ನ. ಕೊಲ್ಲಾಪುರದ ಕಡೆಯ ಗಡಹಿಂಗ್ಲಜದ ಪೇಟೆಯ ಹಿಂದಿನ ಓಣಿಯಲ್ಲಿ, ನಮ್ಮ ಬಾಜೂ ಮನೆಯ ಒಳಖೋಲಿಯ ಹೊಸ್ತಿಲ ಹೊರಗೆ ನಿಂತಿದ್ದೆ. ಎಡಗೈ ಬಾಗಿಲ ಚೌಕಟ್ಟಿನ ಮೇಲಿತ್ತು. ಅಲ್ಲಿಂದ ಕಂಡದ್ದನ್ನು ಕಂಡೆ ಅಂತಲೇ ಬರೆಯುತ್ತೇನೆ. ಕಾಣದ್ದನ್ನು ಯಾರು ಹೇಳಿದರು ಅಂತ ಬರೆಯುತ್ತೇನೆ.

ಆ ಮನೆಯವನನ್ನು ಓಣಿಯೆಲ್ಲ ಗಡಿಯಾರದ ಅಣ್ಣ ಅಂತ ಕರೆಯುತ್ತಿತ್ತು. ಪೇಟೆಯಲ್ಲಿ ಅವನದೊಂದು ಸಣ್ಣ ಗಡಿಯಾರ ರಿಪೇರಿ ಅಂಗಡಿ. ಮಳೆಗಾಲದಲ್ಲಿ ಕೊಡೆಗಳನ್ನೂ ಸರಿಮಾಡಿ ಕೊಡುತ್ತಿದ್ದ. ಅವನ ಹೆಂಡತಿಗೆ ನಾನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದೆ. ವೈನಿಯ ತವರು ಕೊಲ್ಲಾಪುರ, ರೈಲು ಸ್ಟೇಷನ್ನಿನ ಹಿಂದಿನ ಸಾಲು. ಹುಟ್ಟಿದಾಗಿನಿಂದ ಗಾಡಿಯ ಸಪ್ಪಳದಲ್ಲೇ ಮಲಗಿ ಎದ್ದವಳು. ನಮ್ಮೂರಿಗೆ ರೈಲು ಇರಲಿಲ್ಲ. ಹೆತ್ತ ಕೂಸು ಹೋದ ಮೇಲೆ ವೈನಿಗೆ ನಿದ್ದೆಯೇ ಹೋಯಿತು. “ಈ ಊರು ಭಾಳ ಸುಮ್ಮನ ಇರತೈತಿ. ಇಷ್ಟು ಸುಮ್ಮನಿದ್ರ ನಿದ್ದಿ ಹೆಂಗ ಬರಬೇಕು?” ಅನ್ನುತ್ತಿದ್ದಳಂತೆ. ಇದನ್ನು ನನಗೆ ಹೇಳಿದ್ದು ನನ್ನ ಹೆಂಡತಿ. ಆಕೆ ಆಗ ಹೊಸದಾಗಿ ಗಂಡನ ಮನೆಗೆ ನಡೆಯಲು ಬಂದವಳು, ವೈನಿಯ ಕೈಕೆಳಗೆ ರೊಟ್ಟಿ ಬಡಿಯಲು ಕಲಿಯುತ್ತಿದ್ದಳು.

ಅಣ್ಣ ಹೆಚ್ಚು ಮಾತಾಡುವವನಲ್ಲ. ಒಂದು ದಿನ ಬಡಿಗನಿಂದ ಗೇಣಗಲದ ಹಲಗೆಗಳನ್ನು ತಂದು, ಒಳಖೋಲಿಯ ಗೋಡೆಗೆ ಗೂಟ ಬಡಿದು, ಎದೆಯೆತ್ತರಕ್ಕೆ ಅವನ್ನು ಉದ್ದಕ್ಕೂ ಕೂಡಿಸಿದ. ಡಬ್ಬಿ ಇಡಲಿಕ್ಕೆ ಅಂದುಕೊಂಡೆವು. ಆಮೇಲೆ ಅದರ ಮೇಲೆ ರೈಲುಹಾದಿ ಹಾಕತೊಡಗಿದ. ಹಳೆಯ ಕೊಡೆಗಳ ಕಡ್ಡಿಗಳೇ ಹಳಿ. ಬಿದಿರಿನ ಸೀಳುಗಳು ಹಳಿಯ ಕೆಳಗಿನ ಅಡ್ಡಪಟ್ಟಿ. ಘಾಸಲೇಟ್ ಎಣ್ಣೆಯ ಡಬ್ಬಿಯ ತಗಡನ್ನು ಕತ್ತರಿಸಿ ಇಂಜಿನ್ ಮಾಡಿ, ದೀಪದ ಮಸಿಯಿಂದ ಕಪ್ಪು ಬಳಿದ. ಒಳಗೆ ಕೆಟ್ಟ ಗೋಡೆ ಗಡಿಯಾರದ ಸ್ಪ್ರಿಂಗ್. ಹಿಂದೆ ಕಡ್ಡಿಪೆಟ್ಟಿಗೆಯ ಡಬ್ಬಿಗಳು. ಆ ಗಡಿಯಾರದ ಬಿಳಿ ಮುಖವನ್ನು ಹಲಗೆಯ ಕೊನೆಗೆ ಅಡ್ಡ ಮಲಗಿಸಿ, ಅದರ ಮೇಲೆ ಇಂಜಿನ್ನನ್ನು ಹಿಂದುಮುಂದು ತಿರುಗಿಸುವ ಹಾಗೆ ಮಾಡಿದ್ದ. ಮುಳ್ಳು ತಿರುಗುತ್ತಿದ್ದಲ್ಲಿ ಈಗ ಇಂಜಿನ್ ತಿರುಗುತ್ತಿತ್ತು.

ವೈನಿಯ ಮಂಚದಿಂದ ಕಣ್ಣಿಗೆ ಬೀಳುವ ತುದಿಯಲ್ಲಿ ಕೊಲ್ಲಾಪುರ ಸ್ಟೇಷನ್. ಕಿಟಕಿಯ ಮೂಲೆಯಲ್ಲಿ ಮೀರಜ. ನಡುವೆ ಪಂಚಗಂಗೆಯ ಮೇಲಿನ ಸೇತುವೆ, ರುಕಡಿಯ ಹತ್ತಿರದ್ದು. ಅದನ್ನು ಮಾತ್ರ ನೆನಪಿನಿಂದ ಮಾಡಲು ಅವನು ಒಪ್ಪಲಿಲ್ಲ. ಬೇಸಿಗೆಯಲ್ಲಿ ಅಲ್ಲಿಗೇ ಹೋಗಿ, ಹೊಳೆದಂಡೆಯಲ್ಲಿ ಕೂತು, ಕಂಬಗಳನ್ನು ನೋಡಿ ಚಿತ್ರ ತೆಗೆದುಕೊಂಡು ಬಂದ. ಶಾಲೆಯ ಒಡೆದ ಪಾಟಿಗಳ ಕಲ್ಲನ್ನು ಉಜ್ಜಿ ಉಜ್ಜಿ ಕಂಬ ಮಾಡಿದ.

ಹಳಿಯ ಜೋಡಣೆಯಲ್ಲಿ ಬೇಕಂತಲೇ ಸಣ್ಣ ಸಣ್ಣ ಸಂದು ಬಿಟ್ಟಿದ್ದ. ಗಾಲಿ ಸಂದಿನ ಮೇಲೆ ಹಾದಾಗ ಟಕ್ ಟಕ್ ಅನ್ನುತ್ತಿತ್ತು. ಇಡೀ ಕೆಲಸ ಆ ಸಪ್ಪಳಕ್ಕಾಗಿಯೇ ಇತ್ತು ಅನ್ನುವುದು ನಮಗೆ ತಡವಾಗಿ ತಿಳಿಯಿತು. ಅವರ ಗೋಡೆಯೂ ನಮ್ಮ ಗೋಡೆಯೂ ಒಂದೇ. ದಿನಾ ದೀಪ ಹಚ್ಚಿದ ಮೇಲೆ ಗಾಡಿ ಕೊಲ್ಲಾಪುರ ಬಿಡುವುದು ನಮಗೂ ಕೇಳುತ್ತಿತ್ತು... ವೈನಿಗೆ ನಿದ್ದೆ ಬರತೊಡಗಿತ್ತು.

ಎದುರುಮನೆಯ ಅವ್ವ ನೋಡಲು ಬಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ಅಂದಳು: “ಸರಕಾರ ತರಲಾರದ ರೇಲ್ ನೀ ಒಳಖೋಲಿಗೆ ತಂದ್ಯಲ್ಲೋ! ಮೀರಜಿಗೆ ಒಂದ ಟಿಕೀಟ ಹರಿ, ನಮ್ಮ ಅಳಿಯನ್ನ ಕೂಡಿಸಿ ಬಿಡ್ತೇನಿ.”

“ಇದು ಹೊಳ್ಳಿ ಬರೂ ಗಾಡಿ ಐತ್ಯವ್ವಾ. ಮತ್ತ ನಿಮ್ಮ ಮನಿಗೇ ತಂದು ಬಿಡ್ತೈತಿ” ಅಂದ ಅಣ್ಣ. ಅವನು ಚೇಷ್ಟೆ ಮಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆ ಮಳೆಗಾಲದಲ್ಲಿ ಚಳವಳಿ ಶುರುವಾಯಿತು. ತಂತಿ ಕಡಿದರು, ಹಳಿ ಕಿತ್ತರು ಅನ್ನುವ ಸುದ್ದಿಗಳು ಬಸ್ಸಿನ ಜೊತೆ ಬರುತ್ತಿದ್ದವು. ಪೇಟೆಯಲ್ಲಿ ಇಬ್ಬರು ಮೂವರು ಕೂಡಿ ನಿಂತರೆ ನಾಲ್ಕನೆಯವನನ್ನು ನೋಡಿ ಮಾತು ನಿಲ್ಲಿಸುತ್ತಿದ್ದರು. ಬೇಸಿಗೆಯಲ್ಲಿ ಸೇತುವೆಯ ಕೆಳಗೆ ಕೂತು ಯಾರೋ ಚಿತ್ರ ತೆಗೆಯುತ್ತಿದ್ದರಂತೆ, ಪೊಲೀಸರು ಅವನನ್ನು ಹುಡುಕುತ್ತಿದ್ದಾರಂತೆ, ಬಾಂಬಿಗೆ ಗಡಿಯಾರ ಕಟ್ಟುತ್ತಾರೆಂದು ಗಡಿಯಾರದ ಕೆಲಸದವರನ್ನೆಲ್ಲ ವಿಚಾರಿಸುತ್ತಿದ್ದಾರಂತೆ ಎಂದು ನಾನು ತೂಕದ ಕೆಲಸ ಮಾಡುತ್ತಿದ್ದ ಮೆಣಸಿನಕಾಯಿ ಅಡತಿ ಅಂಗಡಿಯಲ್ಲೇ ಒಬ್ಬರು ಹೇಳಿದರು. ಅಣ್ಣನಿಗೆ ಚಳವಳಿಯ ಸಂಗಡ ಯಾವ ಸಂಬಂಧವೂ ಇರಲಿಲ್ಲ. ಇದು ನನಗೆ ಆಗಲೂ ಗೊತ್ತಿತ್ತು, ಈಗಲೂ ಹೇಳುತ್ತೇನೆ. ಆದರೆ ಅವನ ಗೋಡೆಯ ಮೇಲೆ ಆ ಸೇತುವೆ ಇತ್ತು, ಕಂಬಕ್ಕೆ ಕಂಬ ಸರಿಯಾಗಿ.

“ಅಣ್ಣಾ, ಅದೊಂದು ಪೂಲ್ ತಗದು ಬಿಡು” ಅಂದೆ.

“ಪೂಲ್ ತಗದ್ರ ಗಾಡಿ ಹೆಂಗ ದಾಟಬೇಕೋ?” ಅಂದ. ಅವನಿಗೆ ಬೇರೆ ಏನೂ ತೋಚಲಿಲ್ಲ.

ಎಡೆಯ ದಿನ ಅಡತಿಗೆ ಸುದ್ದಿ ಬಂತು. ಪೊಲೀಸ್ ಫೌಜದಾರರು ಅಣ್ಣನ ಅಂಗಡಿಗೆ ಹೋಗಿದ್ದಾರೆ, ಅವನನ್ನು ಮನೆಗೆ ಕರೆದುಕೊಂಡು ಹೊರಟಿದ್ದಾರೆ, ಗೋಡೆಯ ಮೇಲಿನದನ್ನು ನೋಡಲಿಕ್ಕೆ. ನಾನು ಹಿತ್ತಲ ಹಾದಿಯಿಂದ ಓಡಿದೆ. ಅಣ್ಣನ ಮನೆಯ ತುಂಬ ಓಣಿಯ ಹೆಂಗಸರು, ಅರಿಶಿನ ಕುಂಕುಮಕ್ಕೆ ಬಂದವರು. ಹೊರಖೋಲಿಯಲ್ಲಿ ಸೀರೆ ಉಟ್ಟ ಗೌರಿ ಕೂತಿದ್ದಳು.

“ವೈನಿ, ಅಣ್ಣಾನ್ನ ಹಿಡಕೊಂಡು ಬರಾಕತ್ತಾರ” ಅಂದೆ. ಕಣ್ಣು ಒಳಖೋಲಿಯ ಕಡೆ ಹೋಯಿತು. ವೈನಿ ನನ್ನ ಕಣ್ಣನ್ನು ನೋಡಿದಳು.

ಕೂಡಿಸಿದ ಗೌರಿಯನ್ನು ಕಳಿಸುವ ಹೊತ್ತಿನ ತನಕ ಅಲ್ಲಾಡಿಸಬಾರದು. ನಮ್ಮ ಕಡೆ ಸಣ್ಣ ಮಕ್ಕಳಿಗೂ ಇದು ಗೊತ್ತು. ವೈನಿ ಹೋಗಿ ಗೌರಿಯನ್ನು ಎರಡೂ ಕೈಯಲ್ಲಿ ಎತ್ತಿದಳು. ಯಾರೋ ಚೀರಿದರು. ನನ್ನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಎದುರುಮನೆಯ ಅವ್ವ, “ಏ ಹುಚ್ಚೀ, ಏನ ಮಾಡಾಕತ್ತಿ? ನಿನಗೂ ಕೇಡ ಅಕ್ಕೈತಿ, ನಮಗೂ ಅಕ್ಕೈತಿ!” ಅಂತ ಕೂಗಿದಳು.

“ತವರಿಗೆ ಬಂದಾಕಿ ಈ ಖೋಲಿ ಬಿಟ್ಟು ಆ ಖೋಲಿಗೆ ಹೋದ್ರ ಸಿಟ್ಟಾಗ್ತಾಳೇನವ್ವಾ?” ಅಂದಳು ವೈನಿ. ಗೌರಿಯ ಮೂಗುತಿ ನಡುಗುತ್ತಿತ್ತು, ಅದನ್ನು ನಾನು ನೋಡಿದೆ.

ಒಳಖೋಲಿಯಲ್ಲಿ ಕೊಲ್ಲಾಪುರ ಸ್ಟೇಷನ್ನಿನ ಪಕ್ಕಕ್ಕೆ ಪೆಟ್ಟಿಗೆಯ ಮೇಲೆ ಗೌರಿಯನ್ನು ಇಟ್ಟಳು. ಇಂಜಿನ್ನಿಗೆ ಅರಿಶಿನ ಕುಂಕುಮ ಹಚ್ಚಿದಳು. ಸೇತುವೆಯ ಮೇಲೆ ಹೂವು, ಕಂಬಗಳ ಮುಂದೆ ಕಡಬಿನ ತಾಟು. ಮೊದಲು ಯಾರೂ ಕೈಹಾಕಲಿಲ್ಲ. ಆಮೇಲೆ ಎದುರುಮನೆಯ ಅವ್ವ ಹೋಗಿ ಆರತಿಯ ತಟ್ಟೆ ತಂದಳು.

ಆಗಲೇ ಬೂಟಿನ ಸಪ್ಪಳ ಕೇಳಿತು. ಮುಂದೆ ಫೌಜದಾರರು, ನಡುವೆ ಅಣ್ಣ, ಹಿಂದೆ ಒಬ್ಬ ಪ್ಯಾದೆ. ಗೌರಿಯನ್ನು ಕಂಡೊಡನೆ ಪ್ಯಾದೆ ಚಪ್ಪಲಿ ಕಳಚಿದ. ಫೌಜದಾರರು ನನ್ನ ಮುಂದೆಯೇ, ಹೊಸ್ತಿಲಲ್ಲಿ, ಬೂಟು ಬಿಚ್ಚಬೇಕೋ ಬೇಡವೋ ಅಂತ ನಿಂತರು. ಬಿಚ್ಚಲಿಲ್ಲ, ಒಳಗೂ ಹೋಗಲಿಲ್ಲ.

“ಹೇ ಕಾಯ್ ಆಹೇ?” ಅಂದರು, ಇದೇನು ಅಂತ.

“ಗೌರಾಯಿ ಮಾಹೇರಾಲಾ ಆಲಿ, ಸಾಹೇಬ” ಅಂದಳು ವೈನಿ. ಗೌರಿ ತವರಿಗೆ ಬಂದಿದ್ದಾಳೆ. “ಗಾಡೀತ ಬಸೂನ.” ಗಾಡಿಯಲ್ಲಿ ಕೂತು.

ಫೌಜದಾರರು ಕೈಯಲ್ಲಿದ್ದ ಬೆತ್ತವನ್ನು ನನ್ನ ತೋಳಿನ ಪಕ್ಕದಿಂದ ಒಳಗೆ ಚಾಚಿ, ಹೂವಿನ ಕೆಳಗಿನ ಕಂಬಗಳನ್ನು ತೋರಿಸಿ, ಅಣ್ಣನನ್ನು ಕೇಳಿದರು: “ಹಾ ಪೂಲ್ ಕುಠಲಾ?” ಯಾವ ಸೇತುವೆ ಇದು?

ನಾನು ಅಣ್ಣನ ಮುಖ ನೋಡಿದೆ. ಆ ಮುಖದಲ್ಲಿ ಹೆದರಿಕೆ ಇತ್ತು, ಅದರ ಮೇಲೆ ಇನ್ನೊಂದು ಏನೋ ಬರುತ್ತಿತ್ತು... ತನ್ನ ಕೆಲಸವನ್ನು ಒಬ್ಬರು ಗುರುತಿಸಿ ಕೇಳಿದಾಗ ಬರುವಂಥದು. ಅವನು ಹೇಳಿಯೇಬಿಡುತ್ತಿದ್ದ. ಬಾಯಿ ತೆರೆದಿದ್ದ.

ವೈನಿ ಇಂಜಿನ್ನಿನ ಚಾವಿ ತಿರುಗಿಸಿ ಬಿಟ್ಟುಬಿಟ್ಟಳು.

ಗಾಡಿ ಹೊರಟಿತು, ಟಕ್ ಟಕ್, ಟಕ್ ಟಕ್. ಎದುರುಮನೆಯ ಅವ್ವ “ಬಂತ್ರೆವಾ, ಬಂತು!” ಅಂತ ಆರತಿ ಎತ್ತಿದಳು. ಹೆಂಗಸರೆಲ್ಲ ಹಾಡು ಶುರುಮಾಡಿದರು. ಆ ಗದ್ದಲದಲ್ಲಿ ಅಣ್ಣನ ಬಾಯಿ ಮುಚ್ಚಿತು. ಫೌಜದಾರರು ಗಾಡಿಯನ್ನೇ ನೋಡುತ್ತ ನಿಂತರು. ಸೇತುವೆಯ ನಡುವೆ ಸ್ಪ್ರಿಂಗ್ ಸಡಿಲಾಗಿ ಗಾಡಿ ನಿಂತಿತು. ಹಾಡೂ ನಿಂತಿತು.

ಹಬ್ಬ ಮುಗಿದ ಮೇಲೆ ಕೊಲ್ಲಾಪುರದ ದೊಡ್ಡ ಸಾಹೇಬರನ್ನು ಕರೆತರುವುದಾಗಿಯೂ, ಅಲ್ಲಿಯ ತನಕ ಒಂದು ಕಡ್ಡಿಯೂ ಅಲ್ಲಾಡಬಾರದೆಂದೂ ಹೇಳಿ ಫೌಜದಾರರು ಹೋದರು. ಪ್ಯಾದೆಯನ್ನು ಬಾಗಿಲಿಗೆ ಕಾವಲು ಬಿಟ್ಟರು. ಅವನು ಹಲಕರ್ಣಿ ಕಡೆಯ ಕನ್ನಡದವನು. ವೈನಿ ಅವನಿಗೂ ಎಡೆಯ ಊಟ ಬಡಿಸಿದಳು. ಅಣ್ಣ ಉಣ್ಣಲಿಲ್ಲ.

ಮರುದಿನ ಗೌರಿಯನ್ನು ಹೊಳೆಗೆ ಕಳಿಸುವ ಹೊತ್ತು. ಹೆಂಗಸರು ಬುಟ್ಟಿ ಹಿಡಿದು ಬಂದರು. ವೈನಿ ಗೌರಿಯ ಮುಖವನ್ನು ತೆಗೆದು ಒಳಗಿಟ್ಟಳು, ಗೌರಿಯ ಗಿಡವನ್ನೂ ಹೊಳೆಯಿಂದ ತಂದ ಸಣ್ಣ ಹಳ್ಳುಗಳನ್ನೂ ಬುಟ್ಟಿಗೆ ಹಾಕಿದಳು. ಆಮೇಲೆ ಹಲಗೆಯ ಹತ್ತಿರ ಹೋಗಿ, ಇಂಜಿನ್ನನ್ನು ಎತ್ತಿ, ಅದನ್ನೂ ಬುಟ್ಟಿಗೆ ಇಟ್ಟಳು.

ಅಣ್ಣ ಗೋಡೆಗೆ ಆತು ನಿಂತಿದ್ದ. “ಏ, ಅದು...” ಅಂದ.

“ಗೌರವ್ವ ಹೊಳ್ಳಿ ಹೋಗಾಕ ಗಾಡಿ ಬ್ಯಾಡೇನ್ರಿ?” ಅಂದಳು ವೈನಿ, ಅವನ ಕಡೆ ನೋಡದೆ.

ಪ್ಯಾದೆ ಒಳಗೆ ಬಂದ. “ಅಕ್ಕಾ, ಕಡ್ಡೀನೂ ಅಲ್ಲಾಡಬಾರದು ಅಂದಾರ ಸಾಹೇಬರು. ನನ್ನ ಸೊಂಟದ ಪಟ್ಟಾ ಹೋಗ್ತೈತಿ, ನೌಕರಿ ಹೋಗ್ತೈತಿ.”

“ಗೌರವ್ವನ ಸಂಗಾಟ ಬಂದದ್ದು ಆಕಿ ಸಂಗಾಟನ ಹೋಗಬೇಕೋ ತಮ್ಮಾ. ನಿಮ್ಮ ಮನ್ಯಾಗ ಇಟ್ಕೋತೀರೇನು?”

ಅಣ್ಣ ಆಗ ಕಿಸೆಯಿಂದ ಸ್ಕ್ರೂ ತಿರುಗಿಸುವ ತನ್ನ ಸಣ್ಣ ಹತ್ಯಾರ ತೆಗೆದ. ಹಳಿಗಳನ್ನು ತಾನೇ ಬಿಚ್ಚಿದ, ಒಂದೂ ಸೊಟ್ಟಾಗದ ಹಾಗೆ, ಮತ್ತೆ ಜೋಡಿಸುವವನ ಹಾಗೆ. ಸೇತುವೆಯಿದ್ದ ಹಲಗೆ ಉದ್ದವಾಗಿತ್ತು, ಕಲ್ಲಿನ ಕಂಬಗಳಿಂದ ಭಾರವಾಗಿತ್ತು. ಒಂದು ತುದಿಯನ್ನು ಅಣ್ಣ ಹಿಡಿದ. ಇನ್ನೊಂದು ತುದಿಗೆ ನಾನು ಕೈಹಾಕುವಷ್ಟರಲ್ಲಿ ಪ್ಯಾದೆ ಮುಂದೆ ಬಂದು, “ಸರೀರಿ, ಇದು ಬಾಗಲದಾಗ ಹಾಯೂದಿಲ್ಲ, ಅಡ್ಡ ಹಿಡೀಬೇಕು” ಅಂತ ಹೆಗಲು ಕೊಟ್ಟ.

ಹಿರಣ್ಯಕೇಶಿ ತುಂಬಿ ಹರಿಯುತ್ತಿತ್ತು. ಇಂಜಿನ್ ಬಿದ್ದ ಜಾಗದಲ್ಲೇ ಮುಳುಗಿತು. ಹಲಗೆ ಕಂಬಗಳ ಭಾರಕ್ಕೆ ಮಗುಚಿ ಹೋಯಿತು. ಕಡ್ಡಿಪೆಟ್ಟಿಗೆಯ ಡಬ್ಬಿಗಳು ಮಾತ್ರ ಒಂದರ ಹಿಂದೆ ಒಂದು ತೇಲಿಕೊಂಡು ದೂರದ ತನಕ ಕಾಣಿಸಿದವು.

ದೊಡ್ಡ ಸಾಹೇಬರು ಬಂದಾಗ ಸುಣ್ಣದ ಗೋಡೆಯ ಮೇಲೆ ಗೂಟದ ತೂತುಗಳ ಸಾಲು ಇತ್ತು, ಬೇರೇನೂ ಇರಲಿಲ್ಲ. ಆದರೂ ಅಣ್ಣನನ್ನು ಕೊಲ್ಲಾಪುರಕ್ಕೆ ಒಯ್ದರು. ಅಲ್ಲಿ ಏನಾಯಿತೋ ನಾನು ಕಾಣೆ, ಅವನೂ ಹೇಳಲಿಲ್ಲ. ತೋರಿಸಲು ಏನೂ ಸಿಗದ್ದರಿಂದ ದಸರೆಗೆ ಮುಂಚೆ ಬಿಟ್ಟುಬಿಟ್ಟರು. ಅವನು ಬಂದ. ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಸದಾ ನಡುಗುವ ಆ ಕೈಯಲ್ಲಿ ಗಡಿಯಾರದ ಕೆಲಸ ಆಗಲಿಲ್ಲ. ಮುಂದೆ ಬದುಕಿರುವ ತನಕ ಕೊಡೆಗಳನ್ನಷ್ಟೇ ರಿಪೇರಿ ಮಾಡಿದ. ಪ್ಯಾದೆಯ ಪಟ್ಟಾ ಹೋಯಿತು.

ವೈನಿ ಒಮ್ಮೆ ನನ್ನ ಹೆಂಡತಿಗೆ ಅಂದಳಂತೆ: “ಮಲಗಿದಾಗ ಅವರ ಕೈ ಮಂಚದ ಪಟ್ಟಿಗೆ ಬಡದು ಟಕ್ ಟಕ್ ಅಂತೈತಿ. ಅದನ್ನ ಕೇಳಿದ್ರ ನನಗ ನಿದ್ದಿ ಬರ್ತೈತಿ. ಬರಬಾರದಾಗಿತ್ತು... ಆದ್ರೂ ಬರ್ತೈತಿ.” ಗೋಡೆಯ ಈಚೆ ನಮಗೂ ಅದು ಕೇಳುತ್ತಿತ್ತು. ಅಣ್ಣ ಹೋದ ಮೇಲೆ ವೈನಿ ಕೊಲ್ಲಾಪುರಕ್ಕೆ ಹೋದಳು, ಸ್ಟೇಷನ್ನಿನ ಹಿಂದಿನ ಆ ತವರಿಗೆ. ಅಲ್ಲೇ ತೀರಿಕೊಂಡಳು. ಕೊನೆಗಾಲದಲ್ಲಿ ನಿದ್ದೆ ಬರುತ್ತಿತ್ತೋ ಇಲ್ಲವೋ, ಕೇಳಲು ಯಾರೂ ಉಳಿದಿಲ್ಲ.

ಕೊಡೆಯವನು ಮುರಿದ ಕಡ್ಡಿಗಳನ್ನು ಬಿಟ್ಟು ಹೋಗಿದ್ದಾನೆ. ನಾನು ಅವನ್ನು ಎಸೆದಿಲ್ಲ, ಜೋಡಿಸಿಯೂ ಇಟ್ಟಿಲ್ಲ. ನಮ್ಮೂರಿಗೆ ಇನ್ನೂ ರೈಲು ಬಂದಿಲ್ಲ.

ಆ ಮಧ್ಯಾಹ್ನ ಒಳಖೋಲಿಯಲ್ಲಿ ಗಾಡಿ ಸೇತುವೆಯ ಮೇಲೆ ನಿಂತದ್ದನ್ನು ಕಂಡವರಲ್ಲಿ ಎದುರುಮನೆಯ ಅವ್ವ ಇಲ್ಲ, ಫೌಜದಾರರು ಇಲ್ಲ. ಪ್ಯಾದೆ ಇದ್ದಾನೆ, ಕೋವಾಡದ ಸಂತೆಯಲ್ಲಿ ಅವನ ಮಗನ ಚಹಾದಂಗಡಿಯ ಮುಂದೆ ಬಿಸಿಲಿಗೆ ಕೂತಿರುತ್ತಾನೆ. ನನ್ನ ಹೆಂಡತಿ ಇದ್ದಾಳೆ. ನಮ್ಮ ಮನೆಯಲ್ಲಿ ಗೌರಿಯನ್ನು ಕೂಡಿಸಿದ ಮೇಲೆ, ಅಲ್ಲಾಡಿಯಾಳು ಅಂತ, ಆಕೆ ಆ ಖೋಲಿಯ ಬಾಗಿಲನ್ನು ಯಾರಿಗೂ ಜೋರಾಗಿ ಹಾಕಗೊಡುವುದಿಲ್ಲ. ಮತ್ತೆ ನಾನು, ಹೊಸ್ತಿಲ ಹೊರಗೆ ನಿಂತಿದ್ದವನು.