ಬೇವಿನ ನೆರಳಿನ ಪಾಳಿ

ಕೇಳಿರಪ್ಪಾ ಎಲ್ಲರೂ, ಇಂದು ಸಂತೆಕಲ್ಲೂರಿನ ನಮ್ಮ ಬಾವಿಯ ಹತ್ತಿರ ನೆರಳಿಗಾಗಿ ಜಗಳವಾಯಿತು.

ಬಾವಿ ಎರಡು ಮನೆಗೆ ಸೇರಿದ್ದು. ಎತ್ತು ಕಟ್ಟಿ ತೊಗಲಿನ ಚೀಲದಲ್ಲಿ ನೀರೆತ್ತುತ್ತಿದ್ದ ಕಾಲದಲ್ಲಿ ನಮ್ಮಪ್ಪ, ಕಾಕಾ ಕೂಡಿ ಪಾಳಿ ಮಾಡಿಕೊಂಡಿದ್ದರು. ಬಾವಿ ಪಕ್ಕದ ಬೇವಿನ ನೆರಳು, ನೀರು ಸುರಿಯುವ ಕಲ್ಲಿನ ಡೋಣಿಯನ್ನು ಬಿಡುವವರೆಗೆ ನೀರು ನಮ್ಮದು, ಆಮೇಲೆ ಅವರದು. ಎತ್ತು ಹೋಗಿ ಮೋಟರ್ ಬಂತು, ಹನಿ ನೀರಿನ ಪೈಪೂ ಬಂತು. ಪಾಳಿ ಮಾತ್ರ ಅದೇ.

ಇಂದು ನನ್ನ ಮೆಣಸಿನ ಸಸಿ ಅರ್ಧವೂ ನೆನೆದಿರಲಿಲ್ಲ. ಕಾಕಾನ ಮಗಳು ಶರಣಮ್ಮ ಬಂದು ನಿಂತಳು.

“ಯಣ್ಣಾ, ನೆರಳು ಡೋಣಿ ಬಿಟ್ಟೈತಿ. ನೀರು ನಮ್ಮ ಕಡೆ ತಿರುಗಿಸು.”

ತಲೆ ಎತ್ತಿದರೆ ಬೇವು ಒಂದು ಪಕ್ಕ ಬೋಳು!

“ಕೊಂಬಿ ಎಲ್ಲಿ ಹೋತವ್ವಾ?”

“ನಿನ್ನೆ ಆಡಿಗೆ ಕಡದು ಹಾಕೀನಿ.”

“ಹಂಗಾದ್ರ ನಿನ್ನ ಆಡು ನನ್ನ ಪಾಳೀನ ಮೇದಾವ! ಇನ್ನ ಫೋನಿನ್ಯಾಗ ಟೈಮ್ ನೋಡೂನು.”

“ಫೋನ್ ನಿಂದು. ಗಿಡ ನಮ್ಮಿಬ್ರ ಅಪ್ಪಾರು ಹಚ್ಚಿದ್ದು.”

ಚಿಕ್ಕಂದಿನಲ್ಲಿ ನೆರಳು ಕಾಯುವ ಕೆಲಸ ನಮ್ಮಿಬ್ಬರದೇ. ಬಿಟ್ಟಿತೆಂದು ಅವಳು ಕೂಗುತ್ತಿದ್ದಳು, ಇಲ್ಲವೆಂದು ನಾನು.

ಶರಣಮ್ಮ ಬಿಸಿಲಿಗೆಂದು ತಂದಿದ್ದ ಛತ್ರಿ ಬಿಚ್ಚಿದಳು. ಡೋಣಿಯ ಮೇಲೆ ನೆರಳು ಬೀಳುವಂತೆ ಹಿಡಿದು ನಿಂತಳು.

“ಇನ್ನೂ ಬಿಟ್ಟಿಲ್ಲ ನೋಡು. ಲಗೂನ ಮುಗಿಸು, ಕೈ ನೋಯಾಕತ್ತಾವ.”

ಸಸಿಗಳೆಲ್ಲ ನೆನೆದವು. ಬೇವು ಚಿಗುರುವವರೆಗೆ ಛತ್ರಿ ಬಾವಿಯ ಹತ್ತಿರವೇ ಇರಲಿ ಎಂದು ಹೇಳಿ ಬಂದಿದ್ದೇನೆ. ಆಡು ಛತ್ರಿ ತಿನ್ನಲಿಕ್ಕಿಲ್ಲ.