ಸಾಸಿವೆಗಿಂತ ಚಿಕ್ಕ ಚಕ್ರ

“ಅಜ್ಜೀ, ಕಾಲು ಎತ್ತಬೇಡಿ!” ಅಂತ ಮೊಮ್ಮಗಳು ಕಿರುಚಿದಳು. ಇಲ್ಲೇ ಐರ್ಲೆಂಡಿನ ಮೇನೂತ್‌ನಲ್ಲಿ ಮೈಕ್ರೊ ಇಂಜಿನಿಯರಿಂಗ್ ಓದುತ್ತಾಳೆ. ಮರುದಿನ ಪರೀಕ್ಷೆಯಲ್ಲಿ ತೋರಿಸಬೇಕಾದ, ಸಾಸಿವೆಗಿಂತ ಚಿಕ್ಕ ಹಲ್ಲುಚಕ್ರವನ್ನು ಅಡುಗೆಮನೆ ನೆಲಕ್ಕೆ ಬೀಳಿಸಿದ್ದಳು. ಎರಡು ತಿಂಗಳ ಕೆಲಸ. ಕಾಲೇಜಿನಲ್ಲಿ ಗ್ಲೌಸು, ಮಾಸ್ಕು ಹಾಕಿಕೊಂಡು ಮುಟ್ಟುವುದನ್ನು ಮನೆಯಲ್ಲಿ ಜಾಮ್ ಬ್ರೆಡ್ ಪಕ್ಕ ಇಟ್ಟುಕೊಂಡಿದ್ದ ಜಾಣೆ! ಟಾರ್ಚ್ ಹಿಡಿದು ಹುಡುಕಿ ಹುಡುಕಿ ಕೊನೆಗೆ ಅತ್ತೇಬಿಟ್ಟಳು.

ಮೂಗುಬೊಟ್ಟಿನ ತಿರುಪು ಬಿದ್ದರೆ ನಾವೇನು ಮಾಡ್ತಿದ್ವಿ? ಚಪಾತಿ ಹಿಟ್ಟಿನ ಉಂಡೆ ತಗೊಂಡು ನೆಲಕ್ಕೆಲ್ಲ ಒತ್ತುತ್ತಾ ಹೋದೆ. ಒಲೆಯ ಹತ್ತಿರ ಚಕ್ರ ಅಂಟಿಕೊಂಡು ಬಂತು. “ತಗೋ, ತೊಳ್ಕೋ. ಮೊದಲು ಮೂಗು ಒರೆಸ್ಕೋ,” ಅಂದೆ.

ಪಾಸಾದಳು. ಹಿಟ್ಟಿನ ವಿಷಯ ಮೇಷ್ಟ್ರಿಗೆ ಹೇಳಿಲ್ಲವಂತೆ. ಈಗ ಹಿಟ್ಟು ಕಲಸೋದು ಕಲಿಸಿ ಅಂತ ನನ್ನ ಹಿಂದೆ ಬಿದ್ದಿದ್ದಾಳೆ. ಮುಂದೆ ಕಂಪನಿ ಕೆಲಸಕ್ಕೆ ಬೇಕಾಗುತ್ತಂತೆ.